ಆನೆಗುಂಡಿನ ಮೊದಲ ಬಸ್ಸು

ಮೂವತ್ತೊಂದು ವರ್ಷ ಹೈದರಾಬಾದಿನ ರಸ್ತೆಗಳಲ್ಲಿ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು ನಾನು. ಡ್ರೈವರಾಗಿ ಸೇರಿದೆ, ಡ್ರೈವರಾಗಿಯೇ ಮನೆಗೆ ಬಂದೆ. ಹಾಗಾಗಿ ಬಡ್ತಿಯ ಬಗ್ಗೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಆದರೆ ನಮ್ಮ ಬೀದರ, ಕಲಬುರ್ಗಿ ಕಡೆಯಿಂದ ಈ ಕೆಲಸಕ್ಕೆ ಬರುವ ಹುಡುಗರು, ಈಚೀಚೆಗೆ ಹುಡುಗಿಯರೂ, ಮಿಯಾಪುರದ ನನ್ನ ಮನೆಗೆ ಬಂದು ಚಹಾ ಕುಡಿಯುತ್ತ ಕೆಲಸ ಹೇಗಿರುತ್ತದೆಂದು ಕೇಳುತ್ತಾರೆ. ಗೇರು, ಬ್ರೇಕುಗಳನ್ನು ಟ್ರೇನಿಂಗಿನಲ್ಲಿ ಕಲಿಸುತ್ತಾರೆ. ಅಲ್ಲಿ ಕಲಿಸದೆ ಬಿಟ್ಟದ್ದನ್ನು ನಾನು ತಪ್ಪು ಮಾಡಿ ಕಲಿತೆ. ಬರೆಯುವುದಾದರೆ ಅದನ್ನೇ ಬರೆಯಬೇಕು.

ಈ ಕೆಲಸ ಸಿಗುವ ಮೊದಲು ನಾನು ಹುಮನಾಬಾದ್ ಕಡೆ ಕಬ್ಬಿನ ಲಾರಿ ಓಡಿಸುತ್ತಿದ್ದೆ. ಎರಡಾಳು ಎತ್ತರ ಕಬ್ಬು ಹೇರಿಕೊಂಡು ಹೊಲದ ದಾರಿಯಲ್ಲಿ ಲಾರಿ ಹೊಡೆದವನಿಗೆ ಡಾಂಬರು ರಸ್ತೆಯ ಬಸ್ಸು ಏನು ಮಹಾ ಎಂಬ ಸೊಕ್ಕು ಇತ್ತು. ಎತ್ತರದ ಹೇರು ರೂಢಿ ಇದ್ದವನು ಎಂದೋ ಏನೋ, ಕೆಲವು ವರ್ಷಗಳಲ್ಲೇ ನನ್ನನ್ನು ಡಬಲ್ ಡೆಕ್ಕರ್ ಬಸ್ಸಿಗೆ ಹಾಕಿದರು. ಸಿಕಂದರಾಬಾದಿನಿಂದ ಮೂಸಿ ನದಿ ದಾಟಿ ಹಳೇ ಶಹರಕ್ಕೆ ಹೋಗುವ ಎರಡು ಅಂತಸ್ತಿನ ಬಸ್ಸು. ಕೆಳಗೊಬ್ಬ ಕಂಡಕ್ಟರ್, ಮೇಲೊಬ್ಬ ಕಂಡಕ್ಟರ್, ಮುಂದಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಡ್ರೈವರ್ ಒಬ್ಬನೇ.

ಕಲಿಸಲು ಕರೀಂ ಸಾಹೇಬರೆಂಬ ಹಿರಿಯ ಡ್ರೈವರ್ ಇದ್ದರು. ಗಡ್ಡಕ್ಕೆ ಮೆಹಂದಿ, ಯೂನಿಫಾರ್ಮಿಗೆ ದಿನಾ ಇಸ್ತ್ರಿ. ಅವರ ತಂದೆ ನಿಜಾಮರ ಕಾಲದಲ್ಲಿ ಊರಿಗೆ ಮೊದಲು ಬಂದ ಬಸ್ಸುಗಳಲ್ಲಿ ಕ್ಲೀನರ್ ಆಗಿದ್ದರಂತೆ. ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ತಿರುವಿ ಎಂಜಿನ್ ಎಬ್ಬಿಸಬೇಕು, ಕೂಡಲು ಮರದ ಹಲಗೆ, ಹೆಂಗಸರು ಕೂಡುವ ಕಡೆ ಪರದೆ. ಟಾಂಗಾದವರು ಈ ಹೊಗೆಬಂಡಿ ಎರಡು ದಿನವೂ ಬಾಳದು ಎಂದು ನಗುತ್ತಿದ್ದರಂತೆ. ಬಸ್ಸಿನ ವಿದ್ಯೆ ಕರೀಂ ಸಾಹೇಬರಿಗೆ ಮನೆತನದ ಆಸ್ತಿಯಂತೆ ಬಂದಿತ್ತು.

ಅವರು ನನಗೆ ಮೊದಲ ಮೂರು ದಿನ ಸ್ಟೇರಿಂಗ್ ಮುಟ್ಟಲು ಬಿಡಲಿಲ್ಲ. ಮೇಲಿನ ಅಂತಸ್ತಿನ ಮುಂದಿನ ಸೀಟಿನಲ್ಲಿ ಕೂತು ಸುಮ್ಮನೆ ತಿರುಗು ಎಂದರು. ಮೊದಲ ದಿನ ಮಜವಾಗಿತ್ತು. ಬೇವಿನ ಟೊಂಗೆಗಳು ಕಿಟಕಿಗೆ ಬಡಿಯುತ್ತಿದ್ದವು, ಮಾಳಿಗೆಗಳ ಮೇಲೆ ಹರವಿದ ಮೆಣಸಿನಕಾಯಿ, ಪಾರಿವಾಳದ ಗೂಡು ಎಲ್ಲ ಕಾಣುತ್ತಿದ್ದವು. ಎರಡನೆಯ ದಿನ ಬಸ್ಸು ಓಡಿಸುತ್ತಿದ್ದ ಬೇರೊಬ್ಬ ಡ್ರೈವರ್ ಒಂದು ತಿರುವಿನಲ್ಲಿ ಗಡಬಡಿಸಿದ. ಪಕ್ಕದಲ್ಲಿ ಕೂತವರೊಬ್ಬರ ಟಿಫಿನ್ ಡಬ್ಬಿ ತೆರೆದುಕೊಂಡು ಹುಳಿ ಬೇಳೆಸಾರೆಲ್ಲ ನನ್ನ ಹೊಸ ಪ್ಯಾಂಟಿನ ಮೇಲೆ ಚೆಲ್ಲಿತು. ಮೂರನೆಯ ದಿನ ಕರೀಂ ಸಾಹೇಬರು ಏನು ಕಂಡೆ ಎಂದು ಕೇಳಿದರು. ಮಾಳಿಗೆ, ಪಾರಿವಾಳ ಎಂದೆ. ಅದಲ್ಲ, ಹೊಟ್ಟೆ ಏನು ಹೇಳಿತು ಎಂದರು. ತೊಳಸಿತು ಎಂದು ಒಪ್ಪಿಕೊಂಡೆ. ಅವರು ಆಡಿದ್ದು ದಖ್ಖನಿ ಉರ್ದುವಿನಲ್ಲಿ, ನನ್ನ ಕಿವಿಯಲ್ಲಿ ಉಳಿದದ್ದು ನಮ್ಮ ಭಾಷೆಯಲ್ಲಿ.

"ಕಬ್ಬು ವಾಂತಿ ಮಾಡೂದಿಲ್ಲ, ಮಂದಿ ಮಾಡ್ತಾರ. ಕೆಳಗ ನಿನ್ನ ಕಾಲು ಒಂದು ಬಟ್ಟು ಅಲುಗಿದ್ರ ಮ್ಯಾಲೆ ಕುಂತವರು ಒಂದು ಮಾರು ಅಲುಗ್ತಾರ."

ಕಬ್ಬಿನ ಲಾರಿಯ ಸೊಕ್ಕು ಅಲ್ಲಿಗೆ ಇಳಿಯಿತು.

ಮೇಲಿನ ಅಂತಸ್ತಿನ ಕಂಡಕ್ಟರ್ ಯಾದಯ್ಯ. ನಲಗೊಂಡದವನು, ಸಣಕಲ, ನಾಲಿಗೆ ಮಾತ್ರ ಉದ್ದ. ನಾವು ಮಾತಾಡುತ್ತಿದ್ದದ್ದು ಅರ್ಧ ಹಿಂದಿ, ಅರ್ಧ ತೆಲುಗು, ಜಗಳವಾಡಿದಾಗ ನನ್ನದು ಕನ್ನಡ. ಬಸ್ಸು ಓಡುವಾಗ ನನಗೂ ಅವನಿಗೂ ನಡುವೆ ಇದ್ದದ್ದು ಒಂದು ಗಂಟೆ ಮಾತ್ರ: ಒಂದು ಸಲ ಬಾರಿಸಿದರೆ ನಿಲ್ಲಿಸು, ಎರಡು ಸಲ ಬಾರಿಸಿದರೆ ಹೊರಡು. ಒಂದು ಬೆಳಿಗ್ಗೆ ಹಳೇ ಶಹರದಲ್ಲಿ ಅವನು ಬಿಟ್ಟೂಬಿಡದೆ ಬಾರಿಸತೊಡಗಿದ. ಮೇಲೆ ಯಾರದೋ ಜಗಳ ಹತ್ತಿರಬೇಕು, ಮುಂದಿನ ಸ್ಟಾಪಿನಲ್ಲಿ ನೋಡೋಣವೆಂದು ನಾನು ಬಸ್ಸು ಬಿಟ್ಟುಕೊಂಡೇ ಹೋದೆ. ನಿಲ್ಲಿಸಿ ಇಳಿದು ನೋಡಿದರೆ ಬಸ್ಸಿಗೆ ಬಾಸಿಂಗ ಕಟ್ಟಿದಂತಾಗಿತ್ತು. ಯಾವುದೋ ಮದುವೆಯವರು ರಾತ್ರಿಯೇ ರಸ್ತೆಗೆ ಅಡ್ಡ ಕಟ್ಟಿದ್ದ ಚೆಂಡು ಹೂವಿನ ಸರ, ವಧೂವರರ ಹೆಸರು ಬರೆದ ಬಟ್ಟೆ ಎಲ್ಲವನ್ನೂ ನಾನು ಎಳೆದುಕೊಂಡು ಬಂದಿದ್ದೆ.

ಹಿಂದೆಯೇ ಎರಡು ಸ್ಕೂಟರ್ ಬಂದವು. ಹುಡುಗಿಯ ಸೋದರಮಾವ ಎಂಬಾತ ಅಂಗಿಯ ತೋಳು ಏರಿಸಿಕೊಂಡು ನನ್ನ ಕಡೆಗೆ ಬಂದ. ನಾನು ಕೈ ಮುಗಿದು ನಿಂತೆ. ಅಷ್ಟರಲ್ಲಿ ಮೇಲಿನಿಂದ ಇಳಿದ ಹೆಂಗಸರನ್ನು ಅವನು ನೋಡಿದ. ಕಿಟಕಿಯೊಳಗೆ ಬಂದ ಹೂವನ್ನು ಅವರು ಆಗಲೇ ಮುಡಿದುಕೊಂಡುಬಿಟ್ಟಿದ್ದರು. ಅವನಿಗೆ ನಗು ತಡೆಯಲಾಗಲಿಲ್ಲ. ಹೆಸರಿನ ಬಟ್ಟೆಯನ್ನಷ್ಟೇ ಬಿಡಿಸಿಕೊಂಡು, ಮಧ್ಯಾಹ್ನ ಊಟಕ್ಕೆ ಬನ್ನಿ ಎಂದು ಹೇಳಿ ಹೋದ. ಡಿಪೋದಲ್ಲಿ ಮಾತ್ರ ನನಗೆ ಮೆಮೊ ಬಂತು. ಅನುಮತಿ ಇಲ್ಲದೆ ಬಸ್ಸನ್ನು ಅಲಂಕರಿಸಿದ್ದಕ್ಕೆ ಕಾರಣ ತಿಳಿಸಬೇಕೆಂದು ಅದರಲ್ಲಿ ಬರೆದಿತ್ತು. ಗಂಟೆ ಬಾರಿಸಿದರೆ ಮೊದಲು ನಿಲ್ಲಿಸು, ಕಾರಣ ಆಮೇಲೆ ಕೇಳು. ಇದು ನಾನು ಕಲಿತ ಎರಡನೆಯ ಪಾಠ.

ಕಾಲ ಸರಿದಂತೆ ಊರಿನಲ್ಲಿ ಮೇಲ್ಸೇತುವೆಗಳು ಎದ್ದವು, ತಂತಿಗಳು ಹೆಚ್ಚಿದವು, ಡಬಲ್ ಡೆಕ್ಕರುಗಳು ಒಂದೊಂದಾಗಿ ನಿಂತವು. ನನಗೂ ಯಾದಯ್ಯನಿಗೂ ಅದೇ ದಾರಿಯಲ್ಲಿ ಒಂದೇ ಅಂತಸ್ತಿನ ಸಾಮಾನ್ಯ ಬಸ್ಸು ಕೊಟ್ಟರು. ಆ ದಾರಿಯಲ್ಲಿ ಒಂದು ತಗ್ಗಿನ ರೈಲ್ವೆ ಸೇತುವೆ ಇತ್ತು. ಎತ್ತರದ ಬಸ್ಸು ಅದರ ಕೆಳಗೆ ಹಾಯುತ್ತಿರಲಿಲ್ಲವಾದ್ದರಿಂದ ನಾನು ವರ್ಷಗಟ್ಟಲೆ ಬಳಸು ದಾರಿ ಹಿಡಿದು ಹೋಗುತ್ತಿದ್ದೆ. ಹೊಸ ಬಸ್ಸಿನಲ್ಲಿಯೂ ಎರಡು ದಿನ ಹಾಗೆಯೇ ಸುತ್ತಿಕೊಂಡು ಹೋದೆ. ಪ್ರಯಾಣಿಕರು ಗೊಣಗಿದರು. ಆಫೀಸಿನಿಂದ ಆರ್ಡರ್ ಬಂದಿರಬೇಕೆಂದು ಯಾದಯ್ಯ ಎಲ್ಲರಿಗೂ ಸಮಾಧಾನ ಹೇಳಿದ. ಮೂರನೆಯ ದಿನ ಸೇತುವೆ ಹತ್ತಿರ ಬಂದಾಗ ಅವನು ನನ್ನ ಬಳಿ ಬಂದು ಬಗ್ಗಿ, ಅಣ್ಣಾ, ಮೇಲೆ ಯಾರನ್ನು ಕೂರಿಸಿಕೊಂಡಿದ್ದೀ ಎಂದು ಮೆಲ್ಲಗೆ ಕೇಳಿದ. ನಾನು ನಿಜವಾಗಿಯೂ ತಲೆ ಎತ್ತಿ ನೋಡಿದೆ. ಆಮೇಲೆ ಸೇತುವೆಯ ಕೆಳಗೇ ಬಸ್ಸು ಬಿಟ್ಟೆ. ಬಗ್ಗಿಕೊಂಡೇ ಬಿಟ್ಟೆ ಅನ್ನಿ.

ಇದಾದ ಸ್ವಲ್ಪ ದಿನಕ್ಕೆ ನಮ್ಮಿಬ್ಬರನ್ನೂ ಮಿಯಾಪುರದ ಕಡೆಗೆ ವರ್ಗ ಮಾಡಿದರು. ಮಿಯಾಪುರದಿಂದ ಕೊಂಡಾಪುರದ ಮೇಲೆ ಗಚ್ಚಿಬೌಲಿಗೆ ಹೊಸ ರೂಟು. ಈಗ ಅಲ್ಲಿ ರಸ್ತೆ ದಾಟಲು ಹತ್ತು ನಿಮಿಷ ಬೇಕು. ಅಂದು ಕಣ್ಣು ಹಾಯಿಸಿದಷ್ಟು ದೂರ ಬಂಡೆ, ಸೀತಾಫಲದ ಗಿಡ, ನಡುನಡುವೆ ಅರ್ಧ ಕಟ್ಟಿದ ಗಾಜಿನ ಕಟ್ಟಡ. ಸಾಫ್ಟ್‌ವೇರ್ ಕಂಪನಿಗಳು ಬರತೊಡಗಿದ್ದವು, ಬಂದವರಿಗೆ ಕಂಪನಿಯ ಕ್ಯಾಬುಗಳಿದ್ದವು. ನಮ್ಮ ಮೊದಲ ಬಸ್ಸು ಹೊರಡುವುದು ಎಂಟಕ್ಕೆ ಹತ್ತು ನಿಮಿಷ ಇರುವಾಗ. ಅದರಲ್ಲಿ ಏಳೆಂಟು ಜನ ಹತ್ತಿದರೆ ಹೆಚ್ಚು.

ಸ್ಟಾಪುಗಳಿಗೆ ಹೆಸರೂ ಇರಲಿಲ್ಲ. ದೊಡ್ಡ ಕ್ರೇನ್ ಹತ್ತಿರ ನಿಲ್ಲಿಸು ಎನ್ನುವರು. ಮರುವಾರ ಕ್ರೇನ್ ಬೇರೆ ಕಡೆ ಹೋಗಿರುತ್ತಿತ್ತು. ಬೇಸತ್ತು ನಾನೂ ಯಾದಯ್ಯನೂ ನಮಗೆ ತೋಚಿದ ಹೆಸರಿಟ್ಟೆವು. ಸೊಂಡಿಲು ಚಾಚಿ ಮಲಗಿದ ಆನೆಯಂತಿದ್ದ ಒಂದು ಬಂಡೆಯ ಹತ್ತಿರದ ಸ್ಟಾಪು ಆನೆಗುಂಡು ಆಯಿತು. ಯಾದಯ್ಯ ಅದನ್ನು ತೆಲುಗಿನಲ್ಲಿ ಕೂಗುತ್ತಿದ್ದ, ನಾನು ಕನ್ನಡದಲ್ಲಿ ಅನ್ನುತ್ತಿದ್ದೆ. ಆಮೇಲೆ ಆ ಬಂಡೆಯನ್ನು ಒಡೆದು ಅಪಾರ್ಟ್‌ಮೆಂಟ್ ಕಟ್ಟಿದರು. ಸ್ಟಾಪಿನ ಹೆಸರು ಹಾಗೆಯೇ ಉಳಿಯಿತು.

ದಿನಾ ತಪ್ಪದೆ ಹತ್ತುವವರಲ್ಲಿ ಸಾಫ್ಟ್‌ವೇರ್ ಕಂಪನಿಯ ಕೆಲಸಕ್ಕೆ ಹೋಗುವ, ಮೈಸೂರಿನ ಸುಮನಾ ಎಂಬ ಹುಡುಗಿ ಇದ್ದಳು. ಅವಳ ಗಲ್ಲಿಯೊಳಗೆ ಕ್ಯಾಬ್ ಬರುತ್ತಿರಲಿಲ್ಲ. ಮೊದಲ ದಿನ ತಡೆತಡೆದು ಹಿಂದಿಯಲ್ಲಿ ಗಚ್ಚಿಬೌಲಿಗೆ ಹೋಗುತ್ತದೆಯೇ ಎಂದು ಕೇಳಿ, ಫೋನಿನಲ್ಲಿ ಅಮ್ಮನಿಗೆ ಕನ್ನಡದಲ್ಲಿ ಏನೋ ಹೇಳಿದಳು. ನಾನು "ಹೋಗತೈತ್ರಿ, ಹತ್ರಿ ಹತ್ರಿ" ಎಂದೆ. ಅವಳು ಕಣ್ಣರಳಿಸಿ ನಿಂತುಬಿಟ್ಟಳು. ಇದು ಯಾವ ಭಾಷೆ ಎಂಬುದು ಅವಳಿಗೆ ತಿಳಿಯಲು ಎರಡು ಸ್ಟಾಪು ಬೇಕಾಯಿತಂತೆ. ನನ್ನ ಭಾಷೆ ಕನ್ನಡವೆಂದು ಒಪ್ಪಲು ಇನ್ನೂ ಎರಡು ದಿನ. ಆಮೇಲೆ ಹೆಂಗಸರ ಮುಂದಿನ ಸೀಟಿನಲ್ಲಿ ಕೂತು ಹರಟುವುದು ರೂಢಿಯಾಯಿತು.

ಆಗ ಡಿಪೋ ಮ್ಯಾನೇಜರ್ ವೆಂಕಟರಾವ್ ಸಾಹೇಬರು. ಗಡಿಯಾರವೇ ಅವರ ದೇವರು. ಒಂದು ನಿಮಿಷ ತಡವಾದರೆ ಕಾರಣ ಕೇಳುವರು, ಮುಂಚೆ ಹೊರಟರೂ ಕೇಳುವರು. ಆದರೆ ಯಾರ ಮೇಲೂ ದ್ವೇಷ ಇಟ್ಟುಕೊಂಡವರಲ್ಲ. ಒಂದು ದಿನ ನಮ್ಮನ್ನು ಕರೆದು, ಈ ರೂಟಿನಲ್ಲಿ ಜನ ಇಲ್ಲ, ಡೀಸೆಲ್ ದಂಡ, ಮುಂದಿನ ತಿಂಗಳಿನಿಂದ ನಿಲ್ಲಿಸುತ್ತೇವೆ ಎಂದರು. ಜನವೇ ಇಲ್ಲದ ಕಡೆ ಬಸ್ಸು ಬಿಡಿ ಎಂದು ಯಾವ ಬಾಯಿಂದ ಹೇಳುವುದು?

ಅದೇ ವಾರ ಗಚ್ಚಿಬೌಲಿಯಲ್ಲಿ ಕೆಟ್ಟು ನಿಂತ ಬಸ್ಸೊಂದನ್ನು ತರಲು ಬೆಳಿಗ್ಗೆ ಆರಕ್ಕೇ ಡಿಪೋದ ಜೀಪಿನಲ್ಲಿ ಹೋಗಬೇಕಾಯಿತು. ಆನೆಗುಂಡು ದಾಟಿದ ಮೇಲೆ ರಸ್ತೆಯ ಅಂಚಿನಲ್ಲಿ ಹೆಂಗಸರ ಸಾಲು ಕಂಡಿತು. ಕೈಯಲ್ಲಿ ಊಟದ ಡಬ್ಬಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಿರಬಿರನೆ ನಡೆಯುತ್ತಿದ್ದರು. ಒಬ್ಬರಲ್ಲ ಇಬ್ಬರಲ್ಲ, ಸಾಲು ಮುಗಿಯಲೇ ಇಲ್ಲ. ಮರುದಿನ ಸುಮನಾಳನ್ನು ಕೇಳಿದೆ.

"ಅವರು ನಮ್ಮ ಆಫೀಸುಗಳಲ್ಲಿ ಕ್ಲೀನಿಂಗ್ ಮಾಡೋರು, ಅಂಕಲ್. ಏಳಕ್ಕೆ ಮುಂಚೆ ಒಳಗಿರಬೇಕು. ನಮ್ಮ ಫ್ಲೋರಿನ ಲಕ್ಷ್ಮಮ್ಮ ದಿನಾ ಐದು ಕಿಲೋಮೀಟರ್ ನಡ್ಕೊಂಡು ಬರ್ತಾರೆ. ನಿಮ್ಮ ಬಸ್ಸು ಬರೋ ಹೊತ್ತಿಗೆ ಅವರ ಅರ್ಧ ಕೆಲಸ ಮುಗಿದಿರುತ್ತೆ."

ಆನೆಗುಂಡಿನ ಹಿಂದಿದ್ದ ಬಸ್ತಿಯ, ಅಂದರೆ ಗುಡಿಸಲುಗಳ ಕೇರಿಯ, ಹೆಂಗಸರು ಅವರು. ಜನ ಇದ್ದರು, ನಾವೇ ಎರಡು ತಾಸು ತಡವಾಗಿ ಹೋಗುತ್ತಿದ್ದೆವು. ಓಡುತ್ತ ಹೋಗಿ ವೆಂಕಟರಾವ್ ಸಾಹೇಬರಿಗೆ ಹೇಳಿದೆ. ಅವರು ತಲೆ ಎತ್ತದೆ, ಟೈಮ್ ಟೇಬಲ್ ಮೇಲಿನ ಆಫೀಸಿನಲ್ಲಿ ಆಗುತ್ತದೆ, ಡ್ರೈವರ್ ಕೆಲಸ ಸ್ಟೇರಿಂಗ್ ತಿರುಗಿಸುವುದು ಎಂದರು. ಅರ್ಜಿ ಕೊಡಿ, ಕಳಿಸುತ್ತೇನೆ ಎಂದರು. ಸುಮನಾ ಇಂಗ್ಲಿಷಿನಲ್ಲಿ ಚಂದದ ಅರ್ಜಿ ಬರೆದುಕೊಟ್ಟಳು. ಅದು ಹೋಯಿತು. ಹೋದದ್ದು ತಿರುಗಿ ಬರಲಿಲ್ಲ. ತಿಂಗಳು ಮುಗಿಯಲು ಹತ್ತು ಹನ್ನೆರಡು ದಿನ ಉಳಿದಿತ್ತು.

ಆಗ ನಾನು ಮಾಡಿದ್ದನ್ನು ನೀವು ಮಾಡಿರಿ ಎಂದು ಹೇಳಲಾರೆ. ಒಂದು ಸೋಮವಾರ ಬೆಳಿಗ್ಗೆ ಆರು ಹತ್ತಕ್ಕೆ ಬಸ್ಸನ್ನು ಗೇಟಿನಿಂದ ಹೊರಗೆ ತಂದೆ. ಹೋಗಿ ಬಂದರೂ ಏಳೂ ಮುಕ್ಕಾಲರ ಒಳಗೆ ನಮ್ಮ ಸರಿಯಾದ ಟ್ರಿಪ್ಪಿಗೆ ಹಾಜರಿರಬಹುದು ಎಂಬ ಲೆಕ್ಕ ನನ್ನದು. ಯಾದಯ್ಯ ಗೇಟಿನವನ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ; ಟಿಕೆಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ದೇವರ ಹೆಸರು ಹೇಳುತ್ತಿದ್ದ. ಆನೆಗುಂಡಿನಲ್ಲಿ ನಿಲ್ಲಿಸಿದರೆ ಹೆಂಗಸರು ಹತ್ತಲಿಲ್ಲ. ಕಂಪನಿಯ ಬಸ್ಸೆಂದು ತಿಳಿದು ದೂರ ಸರಿದರು. ಯಾದಯ್ಯನೇ ಇಳಿದು ಕರೆದ ಮೇಲೆ ಒಂಬತ್ತು ಜನ ಬಂದರು. ಮೊದಲು ಹತ್ತಿದವರು ಎತ್ತರದ ನಿಲುವಿನ, ಗಟ್ಟಿ ದನಿಯ ಒಬ್ಬರು, ಅವರೇ ಲಕ್ಷ್ಮಮ್ಮ. ಸೀಟಿನಲ್ಲಿ ಕೂತು ಚಪ್ಪಲಿ ಬಿಟ್ಟು ಕಾಲು ನೀಡಿದರು. ಕನ್ನಡಿಯಲ್ಲಿ ಅದನ್ನು ನೋಡಿದ ಮೇಲೆ ನನ್ನ ಹೆದರಿಕೆ ಅರ್ಧ ಇಳಿಯಿತು. ನಾಲ್ಕನೆಯ ದಿನಕ್ಕೆ ಬಸ್ಸಿನಲ್ಲಿ ನಿಲ್ಲಲು ಜಾಗ ಇರಲಿಲ್ಲ.

ಅದೇ ದಿನ ಗೇಟಿನ ರಿಜಿಸ್ಟರು ವೆಂಕಟರಾವ್ ಸಾಹೇಬರ ಮೇಜಿಗೆ ಹೋಯಿತು. ಅವರು ಕೂಗಾಡಲಿಲ್ಲ. ಹಾದಿಯಲ್ಲಿ ಏನಾದರೂ ಆಗಿದ್ದರೆ ಯಾರು ಹೊಣೆ ಎಂದು ಕೇಳಿದರು. ಅವರು ಕೇಳಿದ್ದು ಸರಿಯೇ ಇತ್ತು. ಇಬ್ಬರಿಂದಲೂ ಬರೆಸಿಕೊಂಡು, ಸಸ್ಪೆಂಡ್ ಮಾಡುವುದೋ ಬಿಡುವುದೋ ನಾಳೆ ತಿಳಿಸುತ್ತೇನೆ, ಅಲ್ಲಿಯವರೆಗೆ ಟೈಮ್ ಟೇಬಲಿನಂತೆ ನಡೆಯಿರಿ ಎಂದರು. ಹೊರಗೆ ಬಂದ ಯಾದಯ್ಯ ತಳ್ಳುಬಂಡಿಯಲ್ಲಿ ನಾಲ್ಕು ಮಿರ್ಚಿ ಭಜಿ ತಗೊಂಡು ಎರಡನ್ನು ನನ್ನ ಕೈಗೆ ಕೊಟ್ಟ. ಮನೆಯಲ್ಲಿ ನನ್ನ ಹೆಂಡತಿ ನೀಲಮ್ಮ ಎಲ್ಲ ಕೇಳಿಸಿಕೊಂಡಳು.

"ನೌಕ್ರಿ ಹೋದ್ರ ಕಬ್ಬಿನ ಲಾರಿ ಐತಿ. ನಾಳೆ ಆ ಹೆಣಮಕ್ಕಳು ಬಂದು ನಿಂತಿರ್ತಾರ, ಅವರಿಗೇನು ಹೇಳ್ತೀರಿ? ಮೊದಲು ಉಣ್ರಿ."

ಉಂಡೆ. ಬೆಳಿಗ್ಗೆ ಡಿಪೋಕ್ಕೆ ಹೋದರೆ ಯಾದಯ್ಯ ನನಗಿಂತ ಮೊದಲೇ ಬಂದು ಬಸ್ಸಿನಲ್ಲಿ ಕೂತಿದ್ದ. ಆರು ಹತ್ತಕ್ಕೆ ಹೊರಟೆವು.

ಆನೆಗುಂಡಿನಲ್ಲಿ ಬ್ರೇಕ್ ಹಾಕಿದಾಗ ಹೆಂಗಸರ ಗುಂಪಿನ ನಡುವೆ ಒಬ್ಬ ಗಂಡಸು ಕಂಡ. ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದ, ಕೈಗಡಿಯಾರ ನೋಡುತ್ತಿದ್ದ. ಗಡಿಯಾರ ನೋಡುವ ಆ ಪರಿಯಿಂದಲೇ ನನಗೆ ಗುರುತು ಸಿಕ್ಕಿತು. ವೆಂಕಟರಾವ್ ಸಾಹೇಬರು ನಮ್ಮನ್ನು ಹಿಡಿಯಲೆಂದೇ ಸ್ಕೂಟರಿನಲ್ಲಿ ಬಂದು ಬಸ್ತಿಯ ಹತ್ತಿರ ನಿಂತಿದ್ದರು. ಸಾಹೇಬರು ನೇರವಾಗಿ ಮುಂದಿನ ಬಾಗಿಲಿನಿಂದ ಹತ್ತಿದರು. ಅವರು ಯಾರೆಂದು ಲಕ್ಷ್ಮಮ್ಮನಿಗೆ ಹೇಗೆ ಗೊತ್ತಾಗಬೇಕು? ಮುಂದಿನ ಬಾಗಿಲು ಹೆಂಗಸರಿಗೆ, ಬೋರ್ಡು ಓದಲು ಬರುವುದಿಲ್ಲವೇ, ಹಿಂದಿನಿಂದ ಹತ್ತು ಎಂದು ಆಕೆ ಗದರಿದರು. ಆ ಬೋರ್ಡು ಬರೆಸಿದವರೇ ಸಾಹೇಬರು. ಅವರು ಇಳಿದು ಹೋಗಿ ಹಿಂದಿನಿಂದ ಹತ್ತಿದರು. ಸೀಟು ಇರಲಿಲ್ಲ. ಗಚ್ಚಿಬೌಲಿಯವರೆಗೆ ಕಂಬಿ ಹಿಡಿದು ನಿಂತೇ ಬಂದರು. ಅಂದಿನಷ್ಟು ಮೆತ್ತಗೆ ನಾನು ಎಂದೂ ಬಸ್ಸು ಓಡಿಸಿಲ್ಲ.

ಹೆಂಗಸರೆಲ್ಲ ಇಳಿದು ಗಾಜಿನ ಕಟ್ಟಡಗಳ ಕಡೆಗೆ ಹೋದ ಮೇಲೆ ಸಾಹೇಬರು ನನ್ನ ಕಿಟಕಿಯ ಹತ್ತಿರ ಬಂದರು. ಕೈಗಡಿಯಾರ ನೋಡಿಕೊಂಡು ಹೇಳಿದರು. ಆಡಿದ್ದು ತೆಲುಗಿನಲ್ಲಿ, ಒಂದೊಂದು ಮಾತೂ ನೆನಪಿದೆ.

"ಶರಣಪ್ಪಾ, ಹೇಳದೆ ಕೇಳದೆ ಬಸ್ಸು ತಂದದ್ದು ತಪ್ಪು. ನಿನ್ನದೂ ಯಾದಯ್ಯನದೂ ಒಂದು ಇನ್‌ಕ್ರಿಮೆಂಟ್ ನಿಲ್ಲಿಸುತ್ತೇನೆ. ಸೋಮವಾರದಿಂದ ಆರು ಹತ್ತರ ಟ್ರಿಪ್ ಟೈಮ್ ಟೇಬಲಿನಲ್ಲಿ ಇರುತ್ತದೆ, ಮೇಲಿನ ಆಫೀಸಿಗೆ ನಾನೇ ಹೋಗಿ ಹೇಳುತ್ತೇನೆ. ಆಮೇಲೆ ನೀನು ಆರು ಒಂಬತ್ತಕ್ಕೆ ಹೊರಟರೂ ಮೆಮೊ ಕೊಡುತ್ತೇನೆ."

ಎರಡನ್ನೂ ಅವರು ಮಾಡಿದರು. ಶಿಕ್ಷೆಯ ಕಾಗದ, ಹೊಸ ಟೈಮ್ ಟೇಬಲ್ ಎರಡೂ ಒಂದೇ ದಿನ ಕೈಗೆ ಬಂದವು. ಯಾದಯ್ಯ ಟೈಮ್ ಟೇಬಲನ್ನು ಮಾತ್ರ ಮನೆಗೆ ಒಯ್ದು ಹೆಂಡತಿಗೆ ತೋರಿಸಿದ. ಅಂಥ ಮೇಲಧಿಕಾರಿ ನಿಮಗೆ ಸಿಕ್ಕರೆ ಬಯ್ಯಬೇಡಿ. ತಪ್ಪನ್ನು ತಪ್ಪೆಂದು, ಸರಿಯನ್ನು ಸರಿಯೆಂದು ಒಂದೇ ಉಸಿರಿನಲ್ಲಿ ಹೇಳುವವರು ನನ್ನ ಮೂವತ್ತೊಂದು ವರ್ಷದಲ್ಲಿ ಇಬ್ಬರೋ ಮೂವರೋ ಸಿಕ್ಕಿದ್ದಾರೆ.

ಆಮೇಲಿನದು ನೀವು ಕಣ್ಣಾರೆ ನೋಡುತ್ತಿರುವುದೇ. ಒಂದು ಬಸ್ಸು ಮೂರಾಯಿತು, ಮೂರು ಎಷ್ಟೋ ಆಯಿತು. ಟಿಕೆಟ್ಟಿನ ಕಟ್ಟು ಹೋಗಿ ಯಂತ್ರ ಬಂತು. ಯಾದಯ್ಯ ಮೊದಲ ದಿನ ಒಬ್ಬ ಅಜ್ಜನಿಗೆ ಮಾರುದ್ದದ ಟಿಕೆಟ್ ಹರಿದುಕೊಟ್ಟ, ಅಜ್ಜ ಅದನ್ನು ಕೊರಳಿಗೆ ಸುತ್ತಿಕೊಂಡು ಕೂತ. ನಿಂತು ತಿರುಗಿಸಬೇಕಾಗಿದ್ದ ಸ್ಟೇರಿಂಗ್ ಎರಡು ಬೆರಳಿಗೆ ತಿರುಗತೊಡಗಿತು. ತಾವೇ ಮುಚ್ಚಿಕೊಳ್ಳುವ ಬಾಗಿಲು ಬಂದಾಗ, ಓಡುತ್ತ ಬಂದು ನೇತಾಡುವ ರೂಢಿ ಇದ್ದ ಹುಡುಗರು ಹೊರಗಿನಿಂದ ಬಾಗಿಲು ತಟ್ಟಿ, ಒಳಗೆ ಯಾರಿದ್ದೀರಿ ಎಂದು ಕೇಳಿದವರಂತೆ ನಿಲ್ಲುತ್ತಿದ್ದರು. ಸುಮನಾ ಮದುವೆಯಾಗಿ ಕೊಂಡಾಪುರದಲ್ಲೇ ಮನೆ ಮಾಡಿದಳು. ಈಗ ಅವಳ ಕನ್ನಡದಲ್ಲಿಯೂ ಆಗಾಗ "ಐತಿ" ಬರುತ್ತದೆ. ಮೆಟ್ರೋ ಬಂದ ಮೇಲೆ ಬಸ್ಸಿನ ಕಥೆ ಮುಗಿಯಿತು ಎಂದರು. ಮೆಟ್ರೋ ಇಳಿದವರನ್ನು ಮನೆಯ ಬಾಗಿಲಿಗೆ ಒಯ್ಯಲು ಮತ್ತೆ ಬಸ್ಸೇ ಬೇಕಾಯಿತು.

ಹೊಸ ವಿದ್ಯೆ ಎಲ್ಲ ಕಲಿಯಿರಿ, ಅದರಿಂದ ಮೈ ನೋವು ಕಡಿಮೆ. ಆದರೆ ಬಸ್ಸು ಖಾಲಿ ಇದ್ದಾಗ ಜನ ಇಲ್ಲ ಎಂದು ತಿಳಿಯಬೇಡಿ. ಅವರು ಯಾವ ಹೊತ್ತಿಗೆ, ಯಾವ ದಾರಿಯಲ್ಲಿ ನಡೆಯುತ್ತಿದ್ದಾರೆ ಎಂದು ಒಂದು ಸಲ ಹೋಗಿ ನೋಡಿರಿ.

ನಿವೃತ್ತನಾದ ಮರುತಿಂಗಳು ಗಚ್ಚಿಬೌಲಿಯಲ್ಲಿ ಪಿಂಚಣಿಯ ಕಾಗದದ ಕೆಲಸವೊಂದಿತ್ತು. ಬೇಗ ಹೋದರಾಯಿತೆಂದು ಬೆಳಿಗ್ಗೆಯೇ ಎದ್ದೆ. ಮೊಮ್ಮಗಳನ್ನು ಕರೆದುಕೊಂಡು ನಮ್ಮನ್ನು ನೋಡಲು ಬಂದಿದ್ದ ಮಗ ಕಾರಿನಲ್ಲಿ ಬಿಡುತ್ತೇನೆಂದ. ಆನೆಗುಂಡಿನವರೆಗೆ ಸಾಕು, ಅಲ್ಲಿಂದ ಬಸ್ಸಿಗೆ ಹೋಗುತ್ತೇನೆ ಎಂದೆ. ಸ್ಟಾಪಿನಲ್ಲಿ ಹೆಂಗಸರು, ಬೆನ್ನಿಗೆ ಬ್ಯಾಗು ಹಾಕಿದ ಹುಡುಗರು, ಸೆಕ್ಯುರಿಟಿಯವರು ಎಲ್ಲ ನಿಂತಿದ್ದರು. ಬಸ್ಸು ಸರಿಯಾದ ಹೊತ್ತಿಗೇ ಬಂತು. ಡ್ರೈವರ್ ಎಳೆಯ ಹುಡುಗ, ನನ್ನ ಗುರುತಿಲ್ಲ. ಬಾಗಿಲು ತೆರೆಯಿತು, ಮುಂದಿದ್ದ ನಾಲ್ಕು ಜನ ಹೇಗೋ ಒಳಗೆ ತೂರಿದರು. ನಾನು ಕಂಬಿಗೆ ಕೈ ಹಾಕುವಷ್ಟರಲ್ಲಿ ಅವನು ಜಾಗ ಇಲ್ಲವೆಂದು ಕೈ ಆಡಿಸಿ, ಬಾಗಿಲು ಮುಚ್ಚಿ, ಹೊರಟೇಬಿಟ್ಟ.

ಅಂದು ಏಳೆಂಟು ಜನರೂ ಸಿಗದ ಬಸ್ಸು ಇಂದು ನನ್ನನ್ನೇ ಬಿಟ್ಟು ಹೋಯಿತು. ರಸ್ತೆಯ ಅಂಚಿನಲ್ಲಿ ನಿಂತು ಒಬ್ಬನೇ ನಗುತ್ತಿದ್ದ ನನ್ನನ್ನು ಪಕ್ಕದವರೊಬ್ಬರು ಸಂಶಯದಿಂದ ನೋಡಿದರು. ಹತ್ತು ನಿಮಿಷಕ್ಕೆ ಇನ್ನೊಂದು ಬಂತು. ಅದರಲ್ಲಿಯೂ ಗಚ್ಚಿಬೌಲಿಯವರೆಗೆ ನಿಂತೇ ಹೋದೆ.